ಪ್ರೇಮಾವತಿ ಕೊಟ್ಟ ಉತ್ತರ

ಮಾನ್ಯ ಅಧ್ಯಕ್ಷರೇ, ಸೋಮವಾರಪೇಟೆಯಿಂದ ಎರಡು ಬಸ್ಸು ಹಿಡಿದು ಬಂದ ಅತಿಥಿಗಳೇ, ನೆಲ್ಯಹುದಿಕೇರಿಯ ಸಭಿಕರೇ,

ತೋಟದ ಕೂಲಿ ಲೈನಿನ ಮಕ್ಕಳಿಗೆ ಒಂಬತ್ತು ವರ್ಷದಿಂದ ಪಾಠ ಹೇಳುತ್ತಿರುವ ಶ್ರೀಮತಿ ಪ್ರೇಮಾವತಿಯವರಿಗೆ ಇಂದು ಸನ್ಮಾನ. ಅವರ ಗಂಡ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪನಾದ ನಾನೂ ಎರಡು ಮಾತಾಡಬೇಕಂತೆ. ಎರಡಕ್ಕೇ ನಿಲ್ಲಿಸಿದ ರೈಟರನನ್ನು ಯಾರಾದರೂ ನೋಡಿದ್ದೀರಾ?

ಮದುವೆಯಾದ ಆರನೆಯ ವರ್ಷ ಇವರಿಗೆ ಸೊಂಟನೋವು ಶುರುವಾಯಿತು. ಹೊಳೆಯಿಂದ ನೀರು ಹೊರುವುದು, ಸೌದೆ ಹೊರುವುದು, ಎಲ್ಲ ಇವರದೇ. ನನ್ನ ತಾಯಿ "ಸೋಗು" ಎಂದರು. ನಾನು ಏನೂ ಅನ್ನಲಿಲ್ಲ. ಹೌದು, ಏನೂ ಅನ್ನಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ, ಏಳಲಾರದೆ ಹೋದಾಗ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಬೆನ್ನು ಕೊಯ್ಯುವ ಮೊದಲು ಮನಸ್ಸಿನ ಪರೀಕ್ಷೆ ಆಗಬೇಕೆಂದರು. "ಇವಳಿಗೇನು ಹುಚ್ಚೇ?" ಎಂದು ರೇಗಿದೆ. "ನೋವು ನಿಜ. ಅದರ ಜೊತೆಗೆ ಇನ್ನೇನಿದೆ ಅಂತ ತಿಳೀಬೇಕು," ಎಂದರು ಡಾಕ್ಟರಮ್ಮ.

ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಓದಿ ಹೇಳಿ ಬರೆಯುವ ಕೆಲಸ ನನ್ನದು. ನಿದ್ದೆ ಬರುತ್ತದೆಯೇ? ಹೌದು. ಮನೆಯಲ್ಲಿ ನಿಮ್ಮ ಮಾತು ಕೇಳುತ್ತಾರೆಯೇ? ಹೌದು. ಅರ್ಧಕ್ಕೆ ಬರುವಷ್ಟರಲ್ಲಿ ಇವರನ್ನು ಕೇಳುವುದನ್ನೇ ಬಿಟ್ಟಿದ್ದೆ. ಡಾಕ್ಟರಮ್ಮ ಕಾಗದ ತೆಗೆದುಕೊಂಡು, "ಯಜಮಾನರೇ, ರೋಗಿ ಯಾರು?" ಎಂದು ನನ್ನನ್ನು ಹೊರಗೆ ಕಳಿಸಿದರು.

ಎರಡು ಗಂಟೆ ಬೆಂಚಿನ ಮೇಲೆ ಕೂತೆ. ಒಳಗೆ ಇವರು ಅಳುವುದು ಕೇಳಿಸಿತು. ಆಮೇಲೆ, ಸಭಿಕರೇ, ನಗುವುದೂ ಕೇಳಿಸಿತು. ಇವರ ನಗು ಅಂಥದೆಂದು ನನಗೆ ಮರೆತೇ ಹೋಗಿತ್ತು.

ಆಪರೇಷನ್ ಆಯಿತು. ಬಾಣಂತಿಯ ಹಾಗೆ ಆರೈಕೆ ಬೇಕು, ಅದೂ ತಿತಿಮತಿಯಲ್ಲಿರುವ ಇವರ ತಂಗಿಯ ಮನೆಯಲ್ಲೇ, ಅದು ರೋಗಿಯ ಇಚ್ಛೆ ಎಂದರು ಡಾಕ್ಟರಮ್ಮ. ನನಗೆ ಅವಮಾನವಾಯಿತು. ಎಂಟು ತಿಂಗಳು ಕಾಗದ ಹಾಕಲಿಲ್ಲ. ಅಲ್ಲಿ ಇವರು ಮಂಚದಲ್ಲಿ ಮಲಗಿಕೊಂಡೇ ಅಕ್ಕಪಕ್ಕದ ಮಕ್ಕಳಿಗೆ ಅಕ್ಷರ ಕಲಿಸತೊಡಗಿದ್ದರು. ಕೊನೆಗೆ ಕರೆಯಲು ಹೋದೆ. "ಬರ್ತೇನೆ. ನೀರು ನೀವು ಹೊರಬೇಕು. ನನಗೆ ಒಂದು ಶಾಲೆ ಬೇಕು," ಎಂದರು. ಹೊತ್ತೆ. ಎಸ್ಟೇಟಿನ ದೊರೆಗಳನ್ನು ಕೇಳಿ ಶಾಲೆಗೆ ಹಳೆಯ ಗೋದಾಮನ್ನೂ ಕೊಡಿಸಿದೆ. ನೋವು ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಈಗಲೂ ಗೋಡೆ ಹಿಡಿದು ಏಳುತ್ತಾರೆ.

ಆ ದಿನ ಒಳಗೆ ಏನು ಹೇಳಿದರೆಂದು ನಾನು ಕೇಳಿರಲಿಲ್ಲ. ಹೆದರಿಕೆ. ಬರೆದಿಟ್ಟ ಭಾಷಣವನ್ನು ಓದಿ ನೋಡುವಾಗ, ಇವತ್ತು ಬೆಳಿಗ್ಗೆ, ಕೇಳಿದೆ. ಕಾಫಿ ಲೋಟ ಕೆಳಗಿಟ್ಟು, "ಕೇಳಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ? ಕೂತ್ಕೊಳ್ಳಿ," ಎಂದರು. ಸಭೆಗೆ ಕರೆದೊಯ್ಯುವ ಜೀಪು ಬಂದು ಹಾರ್ನ್ ಹೊಡೆಯುವವರೆಗೂ ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ.

ಅದು ಇವರ ಮಾತು, ಇಲ್ಲಿ ನಾನು ಹೇಳುವುದಿಲ್ಲ. ಬರೆದು ತಂದ ಭಾಷಣ ಜೇಬಿನಲ್ಲೇ ಇದೆ. ಅದರಲ್ಲಿ ಇದ್ಯಾವುದೂ ಇರಲಿಲ್ಲ. ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಕೃತಜ್ಞತೆ. ಪ್ರೇಮಾವತಿಯವರಿಗೆ, ಈ ಸಭೆಯ ಎದುರಿನಲ್ಲಿ, ನನ್ನ ನಮಸ್ಕಾರ.