ಖಾಲಿ ಇದ್ದ ಮಹಡಿ ಮನೆ

ಸುಗಟೂರಿನ ಸುನಂದ ಕೋಲಾರದ ನೋಟರಿ ಆಫೀಸಿನ ಸಾಲಿನಲ್ಲಿ ನಿಂತು ಅರ್ಧ ಗಂಟೆಯಾಗಿತ್ತು. ಅವಳ ಮುಂದೆ ಮಾಲೂರಿನ ಉಮಾಶಂಕರ್ ಮತ್ತು ಮಗಳು ಮೌನಿಕಾ. ಹುಡುಗಿ ಇಂಗ್ಲೆಂಡಿಗೆ ಎಂ.ಎ. ಓದಲು ಹೊರಟಿದ್ದಳು. ದೇಶ ಬಿಟ್ಟು ದೇಶಕ್ಕೆ ವಲಸೆ ಹೋಗುವವರ ಬಗ್ಗೆಯೇ ಓದಂತೆ. ತಂದೆ ಸಾಲಿನವರಿಗೆಲ್ಲ ಹೇಳಿಯಾಗಿತ್ತು. ಅಷ್ಟರಲ್ಲಿ ಮೌನಿಕಾಳ ಫೋನಿಗೆ ಮೆಸೇಜು ಬಂತು.

“ಅಪ್ಪ, ಅಲ್ಲಿ ರೂಮು ಕೊಡಲ್ವಂತೆ. ಇಂಡಿಯಾದೋರು ಬೇಡ ಅಂತಿದಾರೆ.”

“ಏನಂದ್ಕೊಂಡಿದಾರೆ ಅವ್ರು? ನಾವೇನು ಕಳ್ರಾ? ಕಂಪ್ಲೇಂಟ್ ಕೊಡು ಕಣೇ!”

“ಭಾನುವಾರ ನೀನೂ ಇದನ್ನೇ ಅಲ್ವಾ ಮಾಡಿದ್ದು?”

“ನಾನೇನ್ಮಾಡ್ದೆ?”

“ಹಂಚಿನ ಫ್ಯಾಕ್ಟರೀಲಿ ಕೆಲ್ಸ ಮಾಡೋ ನೇಪಾಳದ ಗಂಡ ಹೆಂಡ್ತಿ ಮಗೂನ ಎತ್ಕೊಂಡು ಬಾಡಿಗೆಗೆ ಕೇಳೋಕೆ ಬಂದ್ರು. ಮಹಡಿ ಮನೆ ಖಾಲಿ ಇಟ್ಕೊಂಡೂ ಇಲ್ಲ ಅಂದೆ.”

“ಅದಿ ವೇರೆ!” ಸಿಟ್ಟಿಗೆ ತಂದೆಯ ಬಾಯಲ್ಲಿ ತೆಲುಗು ಬಂತು. “ಅದೇ ಬೇರೆ ಕಣೇ. ಅವ್ರು ಯಾರೋ ಏನೋ.”

“ಅಲ್ಲಿ ನಾನೂ ಯಾರೋ ಏನೋನೇ.”

“ಮೆಲ್ಲಗೆ. ಜನ ಕೇಳಿಸ್ಕೋತಾರೆ.”

“ಕೇಳಿಸ್ಕೊಳ್ಳಿ ಬಿಡು. ಮಗು ನೀರು ಕೇಳಿದ್ರೆ ಗೇಟಿನಾಚೇನೇ ನಿಲ್ಸಿ ಕೊಟ್ಯಲ್ಲ.”

ಸುನಂದ ತನ್ನ ಕೈಲಿದ್ದ ಕಾಗದ ನೋಡುವವಳಂತೆ ತಲೆ ತಗ್ಗಿಸಿದಳು. ಒಳಗಿನಿಂದ ಕರೆ ಬಂತು. ತಂದೆ ಮಗಳು ಹೋಗಿ, ಕಾಗದಗಳಿಗೆ ಸೀಲು ಹಾಕಿಸಿಕೊಂಡು ಬಂದರು. ಮೆಟ್ಟಿಲ ಹತ್ತಿರ ಉಮಾಶಂಕರ್ ನಿಂತ.

“ಆ ನೇಪಾಳದೋರ ನಂಬರು ಇದ್ಯಾ? ಬರೋಕೆ ಹೇಳು.”

“ನಾನ್ಯಾಕೆ ಹೇಳ್ಲಿ? ಇಲ್ಲ ಅಂದಿದ್ದು ನೀನು. ನೀನೇ ಹೋಗಿ ಕರಿ.”

ಮೌನಿಕಾ ಇಳಿದು ಹೋದಳು. ಅವನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.