ಟೇಲ್‌ಸ್ಟಾಕ್ ಹಾಕಿದ್ಯೇನೋ?

ನಗಬೇಡಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ನಂಬಿಕೆ ಇಲ್ಲದಿದ್ರೆ ಈಗಲೇ ಎದ್ದುಹೋಗಿ ಮಲಗಿ.

ಅವನು ಲೇತ್ ಶಾಪಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಷಿನ್ನಿಗೆ ಪ್ರೋಗ್ರಾಮ್ ಬರೆಯೋನು. ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ತಮ್ಮನನ್ನ ಮಷಿನ್ ಹತ್ತಿರ ಬಿಟ್ಟು ಒಬ್ಬನೇ ಮನೆಗೆ ಹೊರಟಿದ್ದ. ದಾರೀಲಿ ಒಂದು ಪಾಳುಬಾವಿ. ಅದನ್ನ ದಾಟಬೇಕು ಅನ್ನೋವಾಗ...

ಟಣ್. ಟಣ್... ಟಣ್.

ಕಬ್ಬಿಣದ ಮೇಲೆ ಸ್ಪ್ಯಾನರ್ ಬಡಿದ ಸದ್ದು. ಎರಡು ಬೇಗ, ಮೂರನೇದು ತಡೆದು. ಇವನು ಅಲ್ಲೇ ನಿಂತುಬಿಟ್ಟ. ಹಾಗೆ ಬಡೀತಿದ್ದೋರು ಒಬ್ಬರೇ, ಚಾಳೀಸು ಮೇಸ್ತ್ರಿ. ಕನ್ನಡಕ ಸದಾ ಮೂಗಿನ ತುದೀಲಿ ಇರ್ತಿತ್ತು, ಅದಕ್ಕೇ ಆ ಹೆಸರು. ಮಷಿನ್ ಶುರು ಮಾಡೋ ಮುಂಚೆ ಟೇಲ್‌ಸ್ಟಾಕ್ ಮೇಲೆ ಮೂರು ಸಲ ಬಡಿದು "ಹಾಕಿದ್ಯೇನೋ?" ಅಂತ ಇವನನ್ನ ಕೇಳೋರು. ಇವನು "ಹಾಕಿದೀನಿ ಮೇಸ್ತ್ರಿ" ಅಂದಮೇಲೇ ಗುಂಡಿ ಒತ್ತೋರು.

ಉದ್ದದ ಶಾಫ್ಟ್, ಅಂದ್ರೆ ಕಬ್ಬಿಣದ ಸರಳು, ತಿರುಗುವಾಗ ಅದರ ಇನ್ನೊಂದು ತುದೀನ ಅಲ್ಲಾಡದ ಹಾಗೆ ಹಿಡಿಯೋದು ಈ ಟೇಲ್‌ಸ್ಟಾಕ್. ಕಂಪ್ಯೂಟರಲ್ಲಿ ಪ್ರೋಗ್ರಾಮಿಗೆ ಸೇರಿಸಿದ್ರೆ ತಾನಾಗೇ ಮುಂದೆ ಬಂದು ಹಿಡ್ಕೊಳುತ್ತೆ. ಮರೆತ್ರೆ ಬರಲ್ಲ. ಪರದೆ ಮೇಲೆ ಮಾತ್ರ ಎಲ್ಲ ಚೆನ್ನಾಗೇ ತಿರುಗುತ್ತೆ... ಅದೇ ಮೋಸ.

ಹೋದ ವರ್ಷ ಇವನು ಮರೆತಿದ್ದ. ನೋಡದೆಯೇ "ಹಾಕಿದೀನಿ" ಅಂದುಬಿಟ್ಟ. ಶಾಫ್ಟ್ ಬಗ್ಗಿ ಹಾರಿ ಮೇಸ್ತ್ರಿ ತಲೆಗೇ ಬಡೀತು. ಅಲ್ಲೇ ಹೋದ್ರು. "ಮುದುಕನೇ ನೋಡ್ಕೊಳ್ಳಲಿಲ್ಲ" ಅಂತ ಎಲ್ಲರೆದುರು ಸಾಧಿಸಿಬಿಟ್ಟ, ಪಾಪಿ. ಆಮೇಲೂ ಆ ಪ್ರೋಗ್ರಾಮ್ ಫೈಲ್ ತಿದ್ದಲಿಲ್ಲ. ತಿದ್ದಿದ ತಾರೀಖು ಕಂಡ್ರೆ ಸಿಕ್ಕಿಬೀಳ್ತಾನಲ್ಲ!

ಬಾವಿಯೊಳಗಿಂದ ಪಿಸುದನಿ ಬಂತು.

"ಹಾಕಿದ್ಯೇನೋ...?"

"ಹಾ... ಹಾಕಿದೀನಿ ಮೇಸ್ತ್ರಿ."

ಬಾಯಿಗೆ ಬಂದದ್ದು ಅದೊಂದೇ. ಸದ್ದು ನಿಂತಿತು.

ಆಗ ನೆನಪಾಯ್ತು. ಇವತ್ತಿನ ಕೆಲಸಕ್ಕೂ ಅವಸರದಲ್ಲಿ ಅದೇ ಹಳೇ ಫೈಲಿನ ನಕಲು ತೆಗೆದು, ಅಳತೆ ಬದಲಾಯಿಸಿ ಕಳಿಸಿದ್ದ. ಮಷಿನ್ ಮುಂದೆ ಇರೋದು ತಮ್ಮ! ಫೋನ್ ಮಾಡಿದ. ರಿಂಗಾಯ್ತು... ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಅಂತ ವಾಪಸ್ ಓಡಿದ.

ಮಷಿನ್ ನಿಂತಿತ್ತು. ಕಬ್ಬಿಣ ತಣಿಸೋ ಕೂಲಂಟ್ ನೀರು ಮಾತ್ರ ತೊಟ್... ತೊಟ್... ಅಂತ ತಟ್ಟೆಗೆ ಬೀಳ್ತಿತ್ತು. ಶಾಫ್ಟ್ ಮೊಣಕೈ ಥರ ಬಗ್ಗಿಹೋಗಿತ್ತು, ಮಷಿನ್ ಬಾಗಿಲಿನ ಗಾಜು ಪುಡಿಪುಡಿ. ತಮ್ಮ ನೆಲದ ಮೇಲೆ ಬಿದ್ದಿದ್ದ. ಮುಖವೆಲ್ಲ ರಕ್ತ, ಕೈಯಲ್ಲಿನ್ನೂ ಫೋನ್.

"ನಂಗೆ ಅನುಮಾನ ಬಂತು ಅಣ್ಣಾ... ಟೇಲ್‌ಸ್ಟಾಕ್ ಹಾಕಿದೀಯೋ ಇಲ್ವೋ ಅಂತ. ನಿನ್ನೇ ಕೇಳೋಣ ಅಂತ ಫೋನ್ ತೆಗೆದೆ..."

"ಮತ್ತೆ ಯಾಕೋ ಶುರು ಮಾಡ್ದೆ?"

"ನೀನೇ ಹಿಂದಿಂದ ಅಂದ್ಯಲ್ಲ... ಹಾಕಿದೀನಿ ಮೇಸ್ತ್ರಿ ಅಂತ. ನನ್ನನ್ಯಾಕೆ ಮೇಸ್ತ್ರಿ ಅಂತಾನೆ ಅಂದ್ಕೊಂಡೆ..."

ತಮ್ಮ ಉಳಿದ. ಬಲಗಣ್ಣು ಉಳೀಲಿಲ್ಲ. ಬೆಳಗ್ಗೆ ಇವನು ಮೇಸ್ತ್ರಿ ಹೆಂಡತಿ ಮುಂದೆ ನಿಂತು ನಿಜ ಹೇಳಿದ. ಆಯಮ್ಮ ಬಾಗಿಲು ಹಾಕ್ಕೊಂಡ್ರು.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಬಾವಿಯಿಂದ ಶಾಪಿಗೆ ಒಂದೂವರೆ ಕಿಲೋಮೀಟರ್. ನಾನೇ ನಡೆದು ನೋಡಿದೀನಿ.