ಎಡಗೋಡೆಯ ಏಳನೆಯ ಚಿತ್ರ

ಹೆಸರು ಕೌಸಲ್ಯಾ, ವಯಸ್ಸು 36, ಕಸುಬು ರವಿಕೆ ಹೊಲಿಯುವುದು, ವಾಸ ಸುಳ್ಯ ಪೇಟೆ. ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ನನ್ನ ಯಜಮಾನರು ಕೃಷ್ಣಮೋಹನ ಎಂಬವರು 1950ರ ಮಾರ್ಚಿಯಲ್ಲಿ ಮನೆ ಬಿಟ್ಟು ಹೋದವರು ಹಿಂದಿರುಗಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಉತ್ತರಕ್ರಿಯೆ ನಡೆಸುವುದು ನಮ್ಮಲ್ಲಿ ಕ್ರಮ. ನಮ್ಮ ಮನೆಯಲ್ಲೇ ಇರುವ ಅವರ ಅಣ್ಣ ಪರಮೇಶ್ವರ ಭಾವ ಈ ತಿಂಗಳ 22ಕ್ಕೆ ಅದನ್ನು ನಿಶ್ಚಯಿಸಿದ್ದಾರೆ. ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಎಂಬ ಪತ್ರಕ್ಕೆ ಮರುದಿನವೇ ನಾನು ಸಹಿ ಹಾಕಬೇಕಂತೆ. ಅವಸರ ನೋಡಿ!

ದಿನಾಂಕ 11-3-1962, ಆದಿತ್ಯವಾರ, ಕ್ರಿಯೆಯ ಸಾಮಾನು ತರಲು ಭಾವನ ಜೊತೆ ಪುತ್ತೂರಿಗೆ ಹೋಗಿದ್ದೆ. ಬಸ್ಸಿಗೆ ಒಂದು ಗಂಟೆ ಇತ್ತು. ಶಾಲೆಯ ಸಭಾಂಗಣದಲ್ಲಿ ಹಳೆಯ ರಾಜರ ಚಿತ್ರಗಳ ಪ್ರದರ್ಶನವಿದ್ದುದರಿಂದ 10-30ಕ್ಕೆ ಒಳಗೆ ಹೋದೆವು. ಎಡಗೋಡೆಯ ಏಳನೆಯ ಚಿತ್ರ ಅಂಗೈಯಷ್ಟು ಇತ್ತು. ಹೆಸರು ತಿಳಿಯದ ಪಾಳೆಯಗಾರ, ಇನ್ನೂರು ವರ್ಷ ಹಳೆಯದು ಎಂದು ಚೀಟಿ ಅಂಟಿಸಿದ್ದರು. ಪೇಟ, ಮುತ್ತಿನ ಸರ ಯಾರದ್ದೋ ಆಗಲಿ, ಮುಖ ನನ್ನ ಯಜಮಾನರದ್ದೇ. ಅವರಿಗಿದ್ದಂತೆಯೇ ಎಡ ಹುಬ್ಬು ನಡುವೆ ಸೀಳಿತ್ತು, ಬಲಕಿವಿಯ ಹಾಲೆ ಹರಿದಿತ್ತು. ಕಿವಿಯ ಬಳಿ ಕೂದಲು ನರೆತಿತ್ತು. ಮನೆ ಬಿಡುವಾಗ ಅವರಿಗೆ ಒಂದೂ ಬಿಳಿ ಕೂದಲಿರಲಿಲ್ಲ. ಅಂದರೆ ಆಮೇಲೆ ಯಾರೋ ಅವರನ್ನು ಎದುರು ಕೂರಿಸಿ ಬರೆದಿದ್ದಾರೆ.

ಭಾವನನ್ನು ಕರೆದು ತೋರಿಸಿದೆ. ನಿನಗೆಂತ ಮರ್ಲಾ, ತಲೆ ಸರಿ ಉಂಟಾ, ಇದು ಯಾವುದೋ ರಾಜಂದು, ಬಸ್ಸು ತಪ್ಪುದು ಬೇಡ, ಹೋಗುವ ಎಂದರು. ಆದರೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಅದನ್ನು ನಾನು ಕಂಡಿದ್ದೇನೆ.

ಮರುದಿನ ಭಾವ ವಕೀಲರಲ್ಲಿಗೆಂದು ಹೇಳಿ 6 ಗಂಟೆಯ ಬಸ್ಸಿಗೆ ಹೊರಟರು. ಯಜಮಾನರನ್ನು ಬಾಲ್ಯದಿಂದ ಬಲ್ಲ ನೆರೆಮನೆಯ ಹರಿಣಾಕ್ಷಿಯನ್ನು ಕರೆದುಕೊಂಡು ನಾನು 9-30ಕ್ಕೆ ಪ್ರದರ್ಶನಕ್ಕೆ ಮುಟ್ಟಿದೆ. ಏಳನೆಯ ಜಾಗದಲ್ಲಿ ಮೊಳೆ ಮಾತ್ರ ಉಳಿದಿತ್ತು. ಬಾಗಿಲು ತೆಗೆದ ಕೂಡಲೇ ಸುಳ್ಯದ ಪರಮೇಶ್ವರ ಎಂಬವರು ಕೊಂಡುಹೋದರೆಂದು ಅಲ್ಲಿಯವರು ಹೇಳಿದರು. ನಮ್ಮ ಭಾವ ಈವರೆಗೆ ಒಂದು ಕ್ಯಾಲೆಂಡರನ್ನೂ ಕೊಂಡವರಲ್ಲ.

ಮಧ್ಯಾಹ್ನ 1-15ಕ್ಕೆ ಮನೆಗೆ ಬಂದಾಗ ಭಾವ ಆಗಲೇ ಬಂದಿದ್ದರು; ಸಂಶಯದಿಂದ ಬಚ್ಚಲ ಒಲೆಯ ಬೂದಿ ಕೆದಕಿದೆ. ಸುಟ್ಟ ಚೌಕಟ್ಟಿನ ಒಂದು ಮೂಲೆ, ಒಡೆದ ಗಾಜು ಸಿಕ್ಕಿತು. ಹರಿಣಾಕ್ಷಿಯೂ ನೋಡಿದ್ದಾಳೆ. ಭಾವನನ್ನು ಕೇಳಿದರೆ, ಯಾವ ಚಿತ್ರ, ನೀನು ಎಂತ ಮಾತಾಡುದು ಎಂದು ಜೋರು ಮಾಡಿದರು. ಚೌಕಟ್ಟಿನ ಮೂಲೆ, ಗಾಜನ್ನು ಬಟ್ಟೆಯಲ್ಲಿ ಕಟ್ಟಿ ಈಗ ಠಾಣೆಗೆ ಕೊಟ್ಟಿದ್ದೇನೆ.

ಚಿತ್ರದಲ್ಲಿದ್ದವನು ಇನ್ನೂರು ವರ್ಷದ ಹಿಂದೆ ಸತ್ತ ಪಾಳೆಯಗಾರನೇ ಆಗಿದ್ದರೆ ಭಾವನಿಗೆ ಸುಡುವ ದರ್ದು ಏನಿತ್ತು? ನನಗೆ ಯಾರನ್ನೂ ಜೈಲಿಗೆ ಹಾಕಿಸಬೇಕೆಂದಿಲ್ಲ. ಚಿತ್ರ ಬರೆದವನನ್ನು 22ರ ಒಳಗೆ ಪತ್ತೆ ಮಾಡಿ, ಎದುರು ಕೂತವರು ಎಲ್ಲಿದ್ದಾರೆಂದು ಕೇಳಿಸಿ ಕೊಡಬೇಕು. ಅಲ್ಲಿಯವರೆಗೆ ನಾನು ಕುಂಕುಮ ಒರೆಸುವುದಿಲ್ಲ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸುಳ್ಯ
13-3-1962

(ಸಹಿ) ಸೌಭಾಗ್ಯವತಿ ಕೌಸಲ್ಯಾ